ಅಕ್ಷರ ಜೋಡಿಸುವ ಆಟ: ಒಂದಿಷ್ಟು ಇತಿಹಾಸ, ಒಂದು ತಪ್ಪೊಪ್ಪಿಗೆ



ಕಳೆದ ಬೇಸಿಗೆ ರಜೆಗೆ ಅಡ್ಡಗದ್ದೆಯ ನಮ್ಮ ಮನೆಗೆ ಬಂದ ಮೊಮ್ಮಗಳು ತನ್ನ ಚೀಲದಲ್ಲಿ ಬಟ್ಟೆಗಿಂತ ಮೊದಲು ತುಂಬಿಕೊಂಡು ಬಂದದ್ದು ಸ್ಕ್ರ್ಯಾಬಲ್ ಆಟದ ಪೆಟ್ಟಿಗೆಯನ್ನು. ಒಂದು ಸಂಜೆ ಗುಡುಗು ಮಳೆಗೆ ಕರೆಂಟ್ ಹೋಯಿತು. ಜಗಲಿಯಲ್ಲಿ ದೀಪ ಹಚ್ಚಿಟ್ಟುಕೊಂಡು ಅಜ್ಜ, ಅಜ್ಜಿ, ಮೊಮ್ಮಗಳು ಮೂವರೂ ಆಡಲು ಕುಳಿತೆವು. ಅವಳಿಗೆ ಬಿಲ್ಲೆಗಳಲ್ಲಿ ಊರಿನ ಹೆಸರು ಬರೆಯುವ ಆಸೆ. ಇಂಗ್ಲಿಷಿನಲ್ಲಿ ಅಡ್ಡಗದ್ದೆ ಎಂದು ಬರೆದರೆ ಒಂಬತ್ತು ಅಕ್ಷರ. ಅದರಲ್ಲಿ ನಾಲ್ಕು ಡಿ. ಪೆಟ್ಟಿಗೆಯಲ್ಲಿ ಇರುವುದೂ ಸರಿಯಾಗಿ ನಾಲ್ಕೇ ಡಿ! ಎಲ್ಲವನ್ನೂ ಹುಡುಕಿ ಸಾಲಾಗಿ ಜೋಡಿಸಿ ಲೆಕ್ಕ ಹಾಕಿದಳು. ಹದಿನಾಲ್ಕು ಅಂಕ. ಆದರೆ ಊರಿನ ಹೆಸರುಗಳಿಗೆ ಆ ಆಟದಲ್ಲಿ ಅವಕಾಶವಿಲ್ಲವೆಂದು ತಾನೇ ಬೇಸರದಿಂದ ಹೇಳಿ, ಕಡೆಗೆ ಕೇಳಿದಳು: "ಅಜ್ಜ, ಇದನ್ನ ಕನ್ನಡದಲ್ಲಿ ಆಡೋದು ಹೇಗೆ? ಅಡ್ಡಗದ್ದೆಗೆ ಎಷ್ಟು ಬಿಲ್ಲೆ ಬೇಕು?"

ನಾನು ಥಟ್ಟನೆ ಉತ್ತರಿಸಲಿಲ್ಲ. ಏಕೆಂದರೆ ಇದೇ ಪ್ರಶ್ನೆಯನ್ನು ಮೂವತ್ತು ವರ್ಷಗಳಿಗೂ ಹಿಂದೆ ನಾನೂ ನನ್ನ ವಿದ್ಯಾರ್ಥಿಗಳೂ ಸೇರಿ ಕೇಳಿಕೊಂಡಿದ್ದೆವು. ಆ ಆಟದಲ್ಲಿ ನಾನೊಂದು ತಪ್ಪನ್ನೂ ಮಾಡಿದ್ದೆ. ಅದನ್ನು ಕಡೆಯಲ್ಲಿ ಹೇಳುತ್ತೇನೆ. ಮೊದಲು ಆಟದ ಚರಿತ್ರೆಯನ್ನು ನೋಡೋಣ.

ಸ್ಕ್ರ್ಯಾಬಲ್ ಹುಟ್ಟಿದ್ದು ಒಬ್ಬ ನಿರುದ್ಯೋಗಿಯ ಮನೆಯಲ್ಲಿ. ಆಲ್ಫ್ರೆಡ್ ಮೋಶರ್ ಬಟ್ಸ್ ಅಮೆರಿಕದ ನ್ಯೂಯಾರ್ಕ್ ಪ್ರಾಂತ್ಯದ ವಾಸ್ತುಶಿಲ್ಪಿ. ಜಗತ್ತನ್ನೇ ಕಾಡಿದ ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, 1931ರಲ್ಲಿ, ಆತನ ಕೆಲಸ ಹೋಯಿತು. ಕೈ ಖಾಲಿಯಾದವನು ಒಂದು ಆಟವನ್ನು ಯೋಚಿಸತೊಡಗಿದ. ಅದೃಷ್ಟವೂ ಬೇಕು, ಜಾಣತನವೂ ಬೇಕು, ಅಂಥ ಆಟ. ಮೊದಲು ಅದಕ್ಕೆ ಮಣೆಯೇ ಇರಲಿಲ್ಲ, ಬರೀ ಅಕ್ಷರದ ಬಿಲ್ಲೆಗಳು, ಹೆಸರು ಲೆಕ್ಸಿಕೊ. 1938ರಲ್ಲಿ ಪದಬಂಧದಂತೆ ಮನೆಗಳುಳ್ಳ ಮಣೆಯನ್ನು ಸೇರಿಸಿ 'ಕ್ರಿಸ್-ಕ್ರಾಸ್ ವರ್ಡ್ಸ್' ಎಂದು ಕರೆದ. ಆಟಿಕೆ ಕಂಪನಿಗಳು ಅದನ್ನು ಒಲ್ಲೆವೆಂದವು. ಕಡೆಗೆ ಜೇಮ್ಸ್ ಬ್ರೂನೊ ಎಂಬಾತ 1948ರಲ್ಲಿ ಅದಕ್ಕೆ ಸ್ಕ್ರ್ಯಾಬಲ್ ಎಂಬ ಹೆಸರಿಟ್ಟು ಮಾರಾಟಕ್ಕಿಳಿದ. ಬಿಲ್ಲೆಗಳು ತಯಾರಾದದ್ದು ಕನೆಕ್ಟಿಕಟ್ ಪ್ರಾಂತ್ಯದಲ್ಲಿ, ಹಿಂದೆ ಶಾಲೆಯಾಗಿದ್ದ ಒಂದು ಹಳೆಯ ಕಟ್ಟಡದಲ್ಲಿ! ಈ ಸಂಗತಿ ಓದಿದಾಗ ನನಗಾದ ಸಂತೋಷ ಮೇಷ್ಟರುಗಳಿಗೆ ಮಾತ್ರ ಅರ್ಥವಾದೀತು. 1949ರಲ್ಲಿ ಅವರು ತಯಾರಿಸಿದ್ದು 2,400 ಪೆಟ್ಟಿಗೆಗಳನ್ನು, ಅದೂ ನಷ್ಟದಲ್ಲಿ. 1952ರ ನಂತರ ಒಮ್ಮೆಲೇ ಬೇಡಿಕೆ ಏರಿ ಲಕ್ಷಗಟ್ಟಲೆ ಮಾರಾಟವಾದವು.

ಈ ಕಥೆಯಲ್ಲಿ ನನ್ನ ಮನಸ್ಸನ್ನು ಹಿಡಿದದ್ದು ಮಾರಾಟದ ಲೆಕ್ಕವಲ್ಲ, ಬಟ್ಸ್ ಮಾಡಿದ ಇನ್ನೊಂದು ಲೆಕ್ಕ. ಯಾವ ಅಕ್ಷರಕ್ಕೆ ಎಷ್ಟು ಬಿಲ್ಲೆ ಬೇಕು, ಎಷ್ಟು ಬೆಲೆ ಕಟ್ಟಬೇಕು ಎಂಬುದನ್ನು ನಿರ್ಧರಿಸಲು ಆತ ವೃತ್ತಪತ್ರಿಕೆಗಳ ಪುಟಗಳನ್ನು ಮುಂದಿಟ್ಟುಕೊಂಡು ಒಂದೊಂದೇ ಅಕ್ಷರವನ್ನು ಎಣಿಸಿದ. ಪದೇ ಪದೇ ಬರುವ ಇ ಅಕ್ಷರಕ್ಕೆ ಹನ್ನೆರಡು ಬಿಲ್ಲೆ, ಆದರೆ ಬೆಲೆ ಒಂದೇ ಅಂಕ. ಅಪರೂಪಕ್ಕೆ ಬರುವ ಕ್ಯೂ ಮತ್ತು ಝೆಡ್‌ಗಳಿಗೆ ಒಂದೊಂದೇ ಬಿಲ್ಲೆ, ಬೆಲೆ ಹತ್ತು ಹತ್ತು. ಎಸ್ ಅಕ್ಷರವನ್ನು ಬೇಕೆಂದೇ ನಾಲ್ಕಕ್ಕೆ ಇಳಿಸಿದ. ಇಲ್ಲವಾದರೆ ಯಾವ ಪದಕ್ಕಾದರೂ ಎಸ್ ಹಚ್ಚಿ ಬಹುವಚನ ಮಾಡಿ ಸುಲಭವಾಗಿ ಅಂಕ ಗಳಿಸುತ್ತಾರಲ್ಲ! ಅಕ್ಷರಗಳು 98, ಏನೂ ಬರೆಯದ ಖಾಲಿ ಬಿಲ್ಲೆ ಎರಡು, ಒಟ್ಟು ನೂರು. ಮಣೆಯಲ್ಲಿ ಅಡ್ಡಕ್ಕೆ ಹದಿನೈದು, ಉದ್ದಕ್ಕೆ ಹದಿನೈದು, ಒಟ್ಟು 225 ಮನೆಗಳು. ಬೇರೆ ಭಾಷೆಗಳಿಗೆ ಹೋದಾಗ ಈ ಲೆಕ್ಕವೂ ಬದಲಾಯಿತು. ಜರ್ಮನ್ನಿಗೆ 102 ಬಿಲ್ಲೆ, ಇಟಾಲಿಯನ್ನಿಗೆ 120. ಸ್ಪ್ಯಾನಿಷಿನಲ್ಲಿ ಎರಡೆರಡು ಅಕ್ಷರ ಕೂಡಿ ಒಂದು ಧ್ವನಿಯಾಗುವಲ್ಲಿ ಜೋಡಿಗೇ ಒಂದು ಬಿಲ್ಲೆ. ಅಂದರೆ ಪ್ರತಿಯೊಂದು ಭಾಷೆಯನ್ನೂ ಅದರದೇ ಪುಟಗಳಲ್ಲಿ ಎಣಿಸಬೇಕು. ಒಂದರ ಲೆಕ್ಕ ಇನ್ನೊಂದಕ್ಕೆ ನಡೆಯದು.

ಹಾಗಾದರೆ ಕನ್ನಡಕ್ಕೆ? ಇಲ್ಲಿ ಮೊದಲು ಎದುರಾಗುವ ಪ್ರಶ್ನೆ 'ಎಷ್ಟು' ಎಂಬುದಲ್ಲ, 'ಯಾವುದನ್ನು ಒಂದು ಎಂದು ಎಣಿಸಬೇಕು' ಎಂಬುದು. ಅಡ್ಡಗದ್ದೆಯನ್ನೇ ತೆಗೆದುಕೊಳ್ಳಿ. ಓದುವಾಗ ಅ, ಡ್ಡ, ಗ, ದ್ದೆ ಎಂದು ನಾಲ್ಕು ಅಕ್ಷರ. ವ್ಯಾಕರಣದ ತರಗತಿಯಲ್ಲಿ ನಾನು ಕಲಿಸುತ್ತಿದ್ದಂತೆ ವರ್ಣವಿಭಾಗ ಮಾಡಿದರೆ ಒಂಬತ್ತು ವರ್ಣ. ಇಂಗ್ಲಿಷಿನ ಒಂಬತ್ತಕ್ಕೂ ಈ ಒಂಬತ್ತಕ್ಕೂ ಸಂಖ್ಯೆ ಸರಿಹೋದರೂ ಒಂದು ಮುಖ್ಯ ವ್ಯತ್ಯಾಸವಿದೆ: ಮೊಮ್ಮಗಳು ಇಟ್ಟ ನಾಲ್ಕು ಡಿಗಳಲ್ಲಿ ಎರಡು ನಮ್ಮ ಡಕಾರ, ಎರಡು ದಕಾರ. ಅವೆರಡನ್ನು ಒಂದೇ ಬಿಲ್ಲೆಯಲ್ಲಿ ಹಾಕಿದರೆ 'ಹಾಡಿ'ಗೂ 'ಹಾದಿ'ಗೂ ಭೇದವಿಲ್ಲದಾಗುತ್ತದೆ.

ನಮ್ಮ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49 ಎಂದು ಬಾಯಿಪಾಠ ಮಾಡಿದ್ದು ನಿಮಗೆಲ್ಲ ನೆನಪಿರಬಹುದು. ಪ್ರತಿ ವ್ಯಂಜನಕ್ಕೂ 13 ಸ್ವರ ಸೇರಿಸಿ ಕಾಗುಣಿತ ಬರೆದರೆ 442 ರೂಪಗಳು. ಅನುಸ್ವಾರ, ಒತ್ತಕ್ಷರಗಳನ್ನೂ ಕೂಡಿದರೆ ಲೆಕ್ಕ ಸಾವಿರಗಳಿಗೆ ಹೋಗುತ್ತದೆ. ಅಷ್ಟು ಬಿಲ್ಲೆ ತುಂಬಲು ಅಡಕೆ ಮೂಟೆ ಬೇಕಾದೀತು. ಇನ್ನೊಂದು ಕಡೆ, ಕೈ, ಮೈ, ಬಾ, ತಾ, ಶ್ರೀ, ಸ್ತ್ರೀ ಮುಂತಾದವು ಒಂದೇ ಅಕ್ಷರದ ಪೂರ್ಣ ಪದಗಳು. ಇಂಗ್ಲಿಷಿನಲ್ಲಿ ಬರೆದರೆ ಹತ್ತು ಅಕ್ಷರ ಹಿಡಿಸುವ 'ಸ್ವಾತಂತ್ರ್ಯ' ನಮ್ಮಲ್ಲಿ ಮೂರೇ ಅಕ್ಷರಗಳಲ್ಲಿ ಮುಗಿದುಹೋಗುತ್ತದೆ!

ಅಕ್ಷರಗಳನ್ನು ಅದಲುಬದಲು ಮಾಡಿ ಬೇರೆ ಪದ ಪಡೆಯುವ ಆಟಕ್ಕೂ ಇದೇ ಮಾತು ಅನ್ವಯಿಸುತ್ತದೆ. ಇಂಗ್ಲಿಷಿನಲ್ಲಿ 'ಕೇಳಿಸಿಕೋ' ಎಂಬರ್ಥದ ಲಿಸನ್ ಪದದ ಆರು ಅಕ್ಷರಗಳನ್ನು ಬೇರೆ ಕ್ರಮದಲ್ಲಿಟ್ಟರೆ 'ಮೌನ' ಎಂಬರ್ಥದ ಸೈಲೆಂಟ್ ಆಗುತ್ತದೆ. ತರಗತಿಯ ಗೋಡೆಯ ಮೇಲೆ ಬರೆಸಬಹುದಾದ ಜೋಡಿ. ನಮ್ಮಲ್ಲಿ ಬದಲಾಗುವುದು ಬಿಡಿ ವರ್ಣವಲ್ಲ, ಇಡೀ ಅಕ್ಷರ. ಅದರ ಅತಿ ಹಳೆಯ ಉದಾಹರಣೆಯನ್ನು ಅಜ್ಜಿಯಂದಿರೇ ನಮಗೆ ಹೇಳಿದ್ದಾರೆ: ಬೇಡನಾಗಿದ್ದ ವಾಲ್ಮೀಕಿ 'ಮರಾ ಮರಾ' ಎಂದು ಜಪಿಸುತ್ತಾ ಹೋದಂತೆ ಅದು 'ರಾಮ ರಾಮ'ವಾದ ಕಥೆ. ನದಿಯನ್ನು ತಿರುಗಿಸಿದರೆ ದಿನ. ರಸವನ್ನು ತಿರುಗಿಸಿದರೆ ಸರ. ಮರಣದ ಮೊದಲೆರಡು ಅಕ್ಷರಗಳನ್ನು ಅದಲುಬದಲು ಮಾಡಿದರೆ ರಮಣ. ಹಿಂದುಮುಂದಾಗಿ ಓದಿದರೂ ಒಂದೇ ಆಗುವ ಪದಗಳಂತೂ ಬೇಕಾದಷ್ಟಿವೆ: ಕನಕ, ಜಲಜ, ಕುಟುಕು, ಗದಗ, ನವಜೀವನ, ತೆನಾಲಿ ರಾಮನ ಕಥೆಯ ವಿಕಟಕವಿ. ಇಂಗ್ಲಿಷಿನಲ್ಲಿ ಬರೆದಾಗ ಎರಡು ಕಡೆಯಿಂದಲೂ ಒಂದೇ ಆಗುವ 'ಮಲಯಾಳಂ' ಎಂಬ ಹೆಸರು ನಮ್ಮ ಲಿಪಿಯಲ್ಲಿ ಹಾಗಾಗದು. ಲಿಪಿ ಬದಲಾದರೆ ಒಗಟೂ ಬದಲಾಗುತ್ತದೆ.

ಇದನ್ನೆಲ್ಲ ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. ವಾತ್ಸ್ಯಾಯನನು ಪಟ್ಟಿಮಾಡಿದ ಅರವತ್ತನಾಲ್ಕು ಕಲೆಗಳಲ್ಲಿ ಒಗಟು ಹೇಳುವ ಪ್ರಹೇಳಿಕೆ, ಇಂದಿನ ಅಂತ್ಯಾಕ್ಷರಿಯನ್ನು ಹೋಲುವ ಪ್ರತಿಮಾಲೆ, ನಾಲಿಗೆ ತೊಡರುವ ಮಾತುಗಳ ದುರ್ವಾಚಕಯೋಗ, ಸಮಸ್ಯಾಪೂರಣ ಇವೆಲ್ಲವೂ ಸೇರಿವೆ. ದಂಡಿ ತನ್ನ ಕಾವ್ಯಾದರ್ಶದಲ್ಲಿ ಹದಿನಾರು ಬಗೆಯ ಪ್ರಹೇಳಿಕೆಗಳನ್ನು ವಿವರಿಸಿದ್ದಾನೆ. 'ಗೋಮೂತ್ರಿಕೆ' ಎಂಬ ರಚನೆಯನ್ನೂ ಅಲ್ಲಿ ಹೇಳಿದ್ದಾನೆ. ಎರಡು ಸಾಲುಗಳಲ್ಲಿ ಒಂದು ಬಿಟ್ಟು ಒಂದು ಅಕ್ಷರ ಸಮನಾಗಿದ್ದು, ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಸೊಟ್ಟಸೊಟ್ಟಾಗಿ ಓದಿದರೂ ಪದ್ಯ ಕೆಡದು. ನಡೆಯುತ್ತಾ ಹೋಗುವ ಎತ್ತು ಧೂಳಿನಲ್ಲಿ ಬಿಟ್ಟ ಗುರುತನ್ನು ನೋಡಿದವರಿಗೆ ಈ ಹೆಸರನ್ನು ವಿವರಿಸಬೇಕಾಗಿಲ್ಲ.

ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಕಾಳಿದಾಸನೊಡನೆ ಹೆಸರಿಸಿದ ಭಾರವಿ, ತನ್ನ ಕಿರಾತಾರ್ಜುನೀಯದ ಹದಿನೈದನೆಯ ಸರ್ಗವನ್ನು ಇಂಥ ಚಿತ್ರಕವಿತೆಗೇ ಮೀಸಲಿಟ್ಟಂತಿದೆ. ನಕಾರವೊಂದನ್ನೇ ಆಡಿಸಿ ಬರೆದ ಶ್ಲೋಕ ಅಲ್ಲಿದೆ. 'ಸರ್ವತೋಭದ್ರ' ಎಂಬ ಬಂಧದ ಶ್ಲೋಕವೂ ಇದೆ. ಎಂಟೆಂಟು ಅಕ್ಷರಗಳ ನಾಲ್ಕು ಪಾದಗಳನ್ನು ಮೇಲಿಂದ ಕೆಳಕ್ಕೆ ಬರೆದು, ಅವನ್ನೇ ಕೆಳಗಿಂದ ಮೇಲಿನ ಕ್ರಮದಲ್ಲಿ ಮತ್ತೊಮ್ಮೆ ಬರೆದರೆ ಚದುರಂಗದ ಹಾಸಿನಂತೆ 64 ಮನೆಗಳಾಗುತ್ತವೆ. ಎಡದಿಂದ, ಬಲದಿಂದ, ಮೇಲಿಂದ, ಕೆಳಗಿಂದ ಎಲ್ಲಿಂದ ಓದಿದರೂ ಅದೇ ಶ್ಲೋಕ. ಮಣೆಯ ಮೇಲೆ ಅಡ್ಡಕ್ಕೂ ಕೆಳಕ್ಕೂ ಪದ ಹೊಂದಿಸುವ ಕಷ್ಟವನ್ನು ಒಮ್ಮೆಯಾದರೂ ಅನುಭವಿಸಿದವರಿಗೆ ಭಾರವಿಯ ಸಾಹಸ ಎಷ್ಟು ದೊಡ್ಡದೆಂದು ಗೊತ್ತಾಗುತ್ತದೆ.

ಕನ್ನಡಕ್ಕೂ ಈ ಪರಂಪರೆ ಆರಂಭದಲ್ಲೇ ಬಂದಿತು. ಕ್ರಿ.ಶ. 850ರ ಸುಮಾರಿಗೆ ರಾಷ್ಟ್ರಕೂಟ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ ಕವಿರಾಜಮಾರ್ಗ ದಂಡಿಯನ್ನು ಬಹುಮಟ್ಟಿಗೆ ಅನುಸರಿಸುವ ಗ್ರಂಥ. ಅದರ ಎರಡನೆಯ ಪರಿಚ್ಛೇದದ ವಿಷಯವೇ ಶಬ್ದಾಲಂಕಾರ. ಅಕ್ಷರ ಮತ್ತು ಚೌಕದ ಮಾತು ಬಂದಾಗ ಕುಮುದೇಂದು ಮುನಿಯ ಸಿರಿಭೂವಲಯವನ್ನು ನೆನೆಯದಿರಲಾಗದು. ಅದರಲ್ಲಿ ಅಕ್ಷರವೇ ಇಲ್ಲ, ಬರೀ ಅಂಕಿಗಳು. ಒಂದೊಂದು ಚಕ್ರದಲ್ಲಿ ಅಡ್ಡಕ್ಕೆ 27, ಉದ್ದಕ್ಕೆ 27, ಒಟ್ಟು 729 ಮನೆ. 1ರಿಂದ 64ರವರೆಗಿನ ಅಂಕಿಗಳಿಗೆ ಒಂದೊಂದು ಧ್ವನಿ. ಗೊತ್ತಾದ ಕ್ರಮದಲ್ಲಿ ಮನೆಯಿಂದ ಮನೆಗೆ ಹೋಗುತ್ತಾ ಓದಿದರೆ ಪದ್ಯ ಮೂಡುತ್ತದೆ. ಇದರ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅಚ್ಚಾಗಿ ಜನರ ಕೈಗೆ ಬಂದದ್ದು 1953ರಲ್ಲಿ.

ಸ್ಕ್ರ್ಯಾಬಲ್ಲಿನಂತೆ ಅಕ್ಷರಕ್ಕೆ ಬೆಲೆ ಕಟ್ಟುವ ಪದ್ಧತಿಯೂ ನಮಗೆ ಹೊಸದಲ್ಲ. ಕಟಪಯಾದಿ ಪದ್ಧತಿಯಲ್ಲಿ ಕ, ಟ, ಪ, ಯ ಇವು ನಾಲ್ಕಕ್ಕೂ ಬೆಲೆ ಒಂದು. ಅಲ್ಲಿಂದ ಮುಂದೆ ವರ್ಗದಲ್ಲಿ ಅಕ್ಷರ ಎಷ್ಟನೆಯದೋ ಅಷ್ಟು. 'ಜಯ' ಎಂದರೆ ಎಂಟು ಮತ್ತು ಒಂದು. ಅಂಕಿಗಳನ್ನು ಬಲದಿಂದ ಎಡಕ್ಕೆ ಓದಬೇಕೆಂಬ ನಿಯಮದಂತೆ ಹದಿನೆಂಟು. ಜಯವೆಂಬ ಹೆಸರುಳ್ಳ ಮಹಾಭಾರತಕ್ಕೆ ಪರ್ವಗಳೂ ಹದಿನೆಂಟು. ಕರ್ನಾಟಕ ಸಂಗೀತದ 72 ಮೇಳಕರ್ತ ರಾಗಗಳ ಹೆಸರಿನ ಮೊದಲೆರಡು ಅಕ್ಷರಗಳಿಂದ ರಾಗದ ಸಂಖ್ಯೆ ತಿಳಿಯುವುದೂ ಈ ಕ್ರಮದಿಂದಲೇ. ಮೇಚಕಲ್ಯಾಣಿಯಲ್ಲಿ ಮೇ ಐದು, ಚ ಆರು; ತಿರುಗಿಸಿದರೆ 65. ಒಂದೇ ಒಂದು ವ್ಯತ್ಯಾಸ: ಬಟ್ಸ್ ಅಕ್ಷರದ ಅಪರೂಪವನ್ನು ನೋಡಿ ಬೆಲೆ ಕಟ್ಟಿದ, ನಮ್ಮ ಹಿರಿಯರು ಅದರ ಸ್ಥಾನವನ್ನು ನೋಡಿ ಕಟ್ಟಿದರು.

ಇನ್ನು ಅವಧಾನಕಲೆ. ನಮ್ಮ ಕಾಲದಲ್ಲಿ ಕನ್ನಡದಲ್ಲಿ ಅದಕ್ಕೆ ಹೊಸ ಜೀವ ತುಂಬಿದವರು ಶತಾವಧಾನಿ ರಾ. ಗಣೇಶ್ ಅವರು. ಅವಧಾನದಲ್ಲಿ 'ವ್ಯಸ್ತಾಕ್ಷರಿ' ಎಂಬ ಒಂದು ಅಂಗವುಂಟು. ಪೃಚ್ಛಕರು ಒಂದು ವಾಕ್ಯದ ಅಕ್ಷರಗಳನ್ನು ಕ್ರಮ ತಪ್ಪಿಸಿ, ನಡುನಡುವೆ, ಇದು ಇಷ್ಟನೆಯ ಅಕ್ಷರ ಎಂದಷ್ಟೇ ಹೇಳಿ ಕೊಡುತ್ತಾ ಹೋಗುತ್ತಾರೆ. ಬೇರೆ ಪೃಚ್ಛಕರಿಗೆ ಪದ್ಯ ಕಟ್ಟುತ್ತಲೇ ಅವಧಾನಿಗಳು ಅವನ್ನೆಲ್ಲ ನೆನಪಿನಲ್ಲಿಟ್ಟುಕೊಂಡು ಕಡೆಗೆ ಇಡೀ ವಾಕ್ಯವನ್ನು ಒಪ್ಪಿಸುತ್ತಾರೆ. ಬಿಲ್ಲೆಯೂ ಇಲ್ಲ, ಮಣೆಯೂ ಇಲ್ಲ, ಎಲ್ಲವೂ ಮನಸ್ಸಿನೊಳಗೇ!

ಇಷ್ಟೆಲ್ಲ ದೊಡ್ಡವರ ಮಾತಾಯಿತು. ಈಗ ನಮ್ಮ ಸಣ್ಣ ಪ್ರಯತ್ನಕ್ಕೆ ಬರೋಣ.

ಬಯಲುಸೀಮೆಯವನಾದ ನಾನು ಬಿ.ಎಡ್. ಮುಗಿಸಿ, ಈ ಕಡೆಯ ಒಂದು ಪ್ರೌಢಶಾಲೆಗೆ ಕನ್ನಡ ಅಧ್ಯಾಪಕನಾಗಿ ಬಂದದ್ದು 1988ರಲ್ಲಿ. ಬೆಂಗಳೂರಿನ ನೆಂಟರ ಮನೆಯಲ್ಲಿ ಸ್ಕ್ರ್ಯಾಬಲ್ ನೋಡಿದ್ದವನಿಗೆ, ಕನ್ನಡದಲ್ಲೂ ಒಂದು ಮಾಡಿದರೇನು ಎಂಬ ಉಮೇದು. ಮಕ್ಕಳು ಮನೆಮನೆಯಿಂದ ಹಳೆಯ ಮದುವೆ ಕಾಗದಗಳ ರಟ್ಟು ತಂದರು. ಬಟ್ಸ್ ಮಾಡಿದಂತೆಯೇ ನಾವೂ ಎಣಿಸಿದೆವು. ವೃತ್ತಪತ್ರಿಕೆಯ ಒಂದು ಪುಟವನ್ನು ಕಾಲಂ ಕಾಲಂ ಆಗಿ ಕತ್ತರಿಸಿ ಒಬ್ಬೊಬ್ಬರಿಗೆ ಒಂದೊಂದು ಕೊಟ್ಟೆ. ನಾಲ್ಕು ಗೀಟು ಎಳೆದು ಐದನೆಯದನ್ನು ಅಡ್ಡ ಹೊಡೆಯುತ್ತಾ ಎರಡು ಶನಿವಾರ ಎಣಿಸಿದರು. ಙ, ಞ ಎರಡೂ ಒಮ್ಮೆಯೂ ಸಿಗಲಿಲ್ಲ. ಅವುಗಳ ಕೆಲಸವನ್ನು ಬಹುಮಟ್ಟಿಗೆ ಸೊನ್ನೆಯೇ ಮಾಡುತ್ತದೆಂದು ಮಕ್ಕಳು ತಾವಾಗಿ ಕಂಡುಕೊಂಡರು. ಝ, ಢಗಳನ್ನು ಹುಡುಕಿ ಸುಸ್ತಾದರು. ರ, ದ, ತ, ನ ಬಿಡುವಿಲ್ಲದೆ ಬಂದವು. 'ಲ್ಲಿ' ಅಷ್ಟು ಸಲ ಬರುತ್ತದೆಂದು ಎಣಿಸುವವರೆಗೆ ನನಗೂ ಹೊಳೆದಿರಲಿಲ್ಲ. ಸಪ್ತಮೀ ವಿಭಕ್ತಿಯನ್ನು ನಾನು ವರ್ಷಗಟ್ಟಲೆ ಕಲಿಸಿದ್ದಕ್ಕಿಂತ ಆ ಎರಡು ಶನಿವಾರಗಳು ಚೆನ್ನಾಗಿ ಕಲಿಸಿದವು.

ನಿಯಮಗಳನ್ನೂ ಮಾಡಿಕೊಂಡೆವು. ಬಿಲ್ಲೆಯ ಮೇಲೆ ಮೂಲಾಕ್ಷರ ಮಾತ್ರ. ಕಾಗುಣಿತ ಆಡುವವರ ಇಷ್ಟ. ಆದರೆ ಅಡ್ಡಕ್ಕೆ 'ಕಾ' ಎಂದು ಓದಿದ ಬಿಲ್ಲೆಯನ್ನು ಕೆಳಕ್ಕೆ 'ಕಿ' ಎನ್ನುವಂತಿಲ್ಲ. ಸಜಾತೀಯ ಒತ್ತಿಗೆ ಅದೇ ಬಿಲ್ಲೆ ಸಾಕು. ವಿಜಾತೀಯವಾದರೆ ಬಿಲ್ಲೆಯ ಮೇಲೆ ಬಿಲ್ಲೆ. ವಿಭಕ್ತಿ ಪ್ರತ್ಯಯ ಹಚ್ಚಿ ಅಂಕ ಗಳಿಸುವಂತಿಲ್ಲ. ಬಟ್ಸ್‌ನಿಗೆ ಎಸ್ ಹೇಗೆ ತಲೆನೋವಾಯಿತೋ ನಮಗೆ 'ನು', 'ಗೆ'ಗಳು ಹಾಗಾಗಿದ್ದವು. ಲಕಾರ ಳಕಾರಗಳು ಬೇರೆ ಬೇರೆ. 'ಸಕಲ'ವನ್ನು ತಿರುಗಾಮುರುಗಾ ಮಾಡಿ ಹೊರನಾಡಿನ ಹತ್ತಿರದ ಊರು ಬಂತೆಂದು ಕುಣಿದ ಹುಡುಗನಿಗೆ, ಆ ಊರು 'ಕಳಸ'ವೇ ಹೊರತು 'ಕಲಸ'ವಲ್ಲವೆಂದು ಉಳಿದವರೇ ಪಾಠ ಹೇಳಿದರು. ಇವೆಲ್ಲ ಮಕ್ಕಳೂ ನಾನೂ ಜಗಳವಾಡಿ ಒಪ್ಪಿದ ನಿಯಮಗಳು. ಕೊನೆಯ ನಿಯಮವನ್ನು ಮಾತ್ರ ನಾನೊಬ್ಬನೇ ಮಾಡಿದೆ: ಒಂದು ಪದ ಕನ್ನಡದಲ್ಲಿ ಇದೆಯೋ ಇಲ್ಲವೋ ಎಂಬುದಕ್ಕೆ ಮೇಷ್ಟರ ಮಾತೇ ಕೊನೆ.

ಆ ವರ್ಷದ ಶಾಲಾ ವಾರ್ಷಿಕೋತ್ಸವಕ್ಕೆ ಪದ ಕಟ್ಟುವ ಸ್ಪರ್ಧೆ ಇಟ್ಟೆವು. ಬಿಲ್ಲೆಗಳು ಎಲ್ಲರಿಗೂ ಸಾಲದ ಕಾರಣ ಕಪ್ಪುಹಲಗೆಯ ಮೇಲೆ 'ಕರ್ನಾಟಕ ಸಂಗೀತ' ಎಂದು ಬರೆದೆ. ಅದರಲ್ಲಿರುವ ಅಕ್ಷರಗಳಿಂದ, ಕಾಗುಣಿತ ಬದಲಿಸದೆ, ಕಾಲು ಗಂಟೆಯಲ್ಲಿ ಎಷ್ಟು ಪದ ಸಾಧ್ಯವೋ ಅಷ್ಟು. ಗೀತ, ಕಟಕ, ತಟ, ಸಂತ, ಸಂಕಟ ಹೀಗೆ ಬರೆದರು. 'ರ್ನಾ' ಮಾತ್ರ ಯಾರಿಗೂ ದಕ್ಕಲಿಲ್ಲ. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿಯ ಹಾಳೆಯಲ್ಲಿ 'ಸಂಕಟ' ಇತ್ತು, ಅದರ ಕೆಳಗೆ 'ಸಂಕ' ಎಂದೂ ಇತ್ತು. ಮೊದಲು ಬರೆದ ಪದವನ್ನೇ ಟಕಾರ ಬಿಟ್ಟು ಮತ್ತೊಮ್ಮೆ ಬರೆದು ಲೆಕ್ಕ ಹೆಚ್ಚಿಸಿದ್ದಾಳೆಂದು ಭಾವಿಸಿ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದೆ. ಆ ಒಂದು ಪದದಿಂದ ಅವಳಿಗೆ ಮೊದಲ ಬಹುಮಾನ ತಪ್ಪಿತು.

ಹಾಳೆ ಹಿಂದಿರುಗಿಸಿದಾಗ ಆಕೆ ಮೆಲ್ಲಗೆ, "ಸಾರ್, ಅದು ಸಂಕಟ ಅಲ್ಲ, ಸಂಕ" ಎಂದಳು. "ಹಾಗೊಂದು ಪದ ಇಲ್ಲಮ್ಮ" ಎಂದೆ ನಾನು. ಅವಳು ವಾದಿಸಲಿಲ್ಲ. ಮೇಷ್ಟರ ಮಾತೇ ಕೊನೆ ಎಂಬ ನಿಯಮ ಇತ್ತಲ್ಲ!

ಮುಂದಿನ ಜುಲೈ. ಮಲೆನಾಡಿನ ಮಳೆಗಾಲ ಅಂದರೇನೆಂದು ಬಯಲುಸೀಮೆಯವನಿಗೆ ಆಗಿನ್ನೂ ಪೂರ್ತಿ ತಿಳಿದಿರಲಿಲ್ಲ. ಹಾಜರಿ ಕೂಗುವಾಗ ಆ ಹುಡುಗಿ ಸತತವಾಗಿ ಮೂರು ದಿನ ಬಂದಿರಲಿಲ್ಲ. ಯಾಕೆಂದು ಕೇಳಿದೆ. ಅವಳ ಕಡೆಯ ಊರಿನ ಹುಡುಗನೊಬ್ಬ ಎದ್ದು ನಿಂತು, "ಸಂಕ ಹೋಗಿದೆ ಸಾರ್" ಎಂದ. ತರಗತಿಯಲ್ಲಿ ಯಾರಿಗೂ ಅದರಲ್ಲಿ ವಿಶೇಷ ಕಾಣಲಿಲ್ಲ. "ಏನು ಹೋಗಿದೆ?" ಎಂದು ಕೇಳಿದವನು ನಾನೊಬ್ಬನೇ.

ಭಾನುವಾರ ಮಳೆ ಸ್ವಲ್ಪ ಹೊಳವಾದಾಗ ಆ ಹುಡುಗನ ಜೊತೆ ಹೋಗಿ ನೋಡಿದೆ. ಕೆಂಪಾಗಿ ಉಕ್ಕಿ ಹರಿಯುವ ಹಳ್ಳ. ಈಚೆ ದಡದಲ್ಲಿ ಎರಡು ಅಡಕೆ ಮರದ ತುಂಡುಗಳು ಕಲ್ಲಿಗೆ ಸಿಕ್ಕಿ ನಿಂತಿದ್ದವು, ಕೈಗೆ ಆಸರೆಯಾಗಿ ಕಟ್ಟಿದ್ದ ಬಿದಿರು ಒಂದು ಕಡೆ ಜೋತಾಡುತ್ತಿತ್ತು. ಆಚೆ ದಡದಲ್ಲಿ ಕಂಬಳಿಕೊಪ್ಪೆ ಹೊದ್ದ ಇಬ್ಬರು ಹೊಸ ಮರ ಹಾಸುವ ಸಿದ್ಧತೆಯಲ್ಲಿದ್ದರು. ದಿನವೂ ಎರಡು ಹೊತ್ತು, ಹೆಗಲಿಗೆ ಪಾಟೀಚೀಲ ಹಾಕಿಕೊಂಡು, ಆ ಮಗು ದಾಟಿ ಬರುತ್ತಿದ್ದದ್ದು ಆ ಪದದ ಮೇಲೆಯೇ. ನಾನು ಇಲ್ಲವೆಂದ ಪದದ ಮೇಲೆ.

ಸೋಮವಾರ ಶಾಲೆಯ ಬೀರು ತೆಗೆಸಿ ನಿಘಂಟು ನೋಡಿದೆ. 'ಸಂಕ' ಅಲ್ಲಿತ್ತು: ಸಣ್ಣ ಸೇತುವೆ. ಸಂಸ್ಕೃತದ 'ಸಂಕ್ರಮ'ದ ತದ್ಭವ. ತದ್ಭವಗಳ ಪಾಠವನ್ನು ಉದಾಹರಣೆಗಳ ಸಮೇತ ಪ್ರತಿವರ್ಷ ಮಾಡುತ್ತಿದ್ದ ನಾನು, ಕಣ್ಣೆದುರಿಗಿದ್ದ ಒಂದನ್ನು ಕೆಂಪು ಶಾಯಿಯಲ್ಲಿ ಹೊಡೆದಿದ್ದೆ. ಸಂದೇಹ ಬಂದಾಗ ಬೀರುವಿನವರೆಗೆ ಹೋಗಲು ಬೇಕಿದ್ದದ್ದು ಇಪ್ಪತ್ತು ಹೆಜ್ಜೆ. ಅಂದು ನನಗೆ ಸಂದೇಹವೇ ಬಂದಿರಲಿಲ್ಲ. ತಪ್ಪು ಇದ್ದದ್ದು ಅಲ್ಲಿ.

ಹುಡುಗಿ ಶಾಲೆಗೆ ಬಂದ ದಿನ ತರಗತಿಯ ಎದುರಿಗೇ ಹೇಳಿದೆ: "ಸಂಕ ಪದ ಸರಿ. ನನ್ನದು ತಪ್ಪು. ಮೊದಲ ಬಹುಮಾನ ಇಬ್ಬರಿಗೂ ಸಮ." ನನ್ನ ಜೇಬಿನಲ್ಲಿದ್ದ ಪೆನ್ನನ್ನು ಕೊಟ್ಟೆ. ಅವಳು ಎರಡೂ ಕೈಯಲ್ಲಿ ತೆಗೆದುಕೊಂಡು, "ಮನೇಲಿ ಹೇಳ್ತೀನಿ ಸಾರ್, ಅಪ್ಪ ನಗ್ತಾರೆ" ಎಂದಳು. ಅವಳ ಅಪ್ಪ ಹೊಸ ಸಂಕ ಹಾಕುತ್ತಿದ್ದ ಇಬ್ಬರಲ್ಲಿ ಒಬ್ಬರೆಂದು ಆಮೇಲೆ ತಿಳಿಯಿತು. ಕೊನೆಯ ನಿಯಮವನ್ನು ಆ ದಿನವೇ ತಿದ್ದಿದೆವು: ಪದ ಬರೆದವರು ಅದರ ಅರ್ಥ ಹೇಳಬೇಕು, ಯಾರ ಮನೆಯಲ್ಲಿ ಹಾಗೆನ್ನುತ್ತಾರೆಂದು ತಿಳಿಸಬೇಕು, ಆಮೇಲೆ ನಿಘಂಟು ನೋಡಬೇಕು. ಮೇಷ್ಟರ ಮಾತು ಎಲ್ಲಕ್ಕಿಂತ ಕೊನೆ. ಆ ನಿಯಮದಿಂದಲೇ ನಾನು ಹಡ್ಲು, ಬ್ಯಾಣ, ಕಾನು, ದರಗು ಮುಂತಾದ ಎಷ್ಟೋ ಪದಗಳನ್ನು ನನ್ನ ವಿದ್ಯಾರ್ಥಿಗಳಿಂದ ಕಲಿತೆ.

ಮುಂದೆ ಕವಿರಾಜಮಾರ್ಗವನ್ನು ಮತ್ತೆ ಓದಿದಾಗ ಒಂದು ಮಾತು ಬೇರೆಯಾಗಿ ಕೇಳಿಸಿತು. ಕನ್ನಡ ನಾಡಿನಲ್ಲಿ ದೇಸಿ ನುಡಿಗಳು ಎಷ್ಟೊಂದು ಬಗೆಯೆಂದರೆ ಸಾವಿರ ನಾಲಿಗೆಯ ವಾಸುಕಿಗೂ ಅವನ್ನು ಅರಿಯಲಾರದೆ ಬೇಸರವಾದೀತು ಎಂಬ ಅರ್ಥದ ಮಾತದು. ಅಕ್ಷರಗಳ ಚಮತ್ಕಾರವನ್ನು ವಿವರಿಸುವ ಗ್ರಂಥವೇ ಇದನ್ನೂ ಹೇಳಿದೆ. ನಿಘಂಟುಕಾರರು ಈ ವಿನಯವನ್ನು ಬಲ್ಲವರು. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟಿನ ಪ್ರಧಾನ ಸಂಪಾದಕರಾಗಿದ್ದ ಪ್ರೊ. ಜಿ. ವೆಂಕಟಸುಬ್ಬಯ್ಯನವರು 1991ರಿಂದ 'ಪ್ರಜಾವಾಣಿ'ಯ 'ಇಗೋ ಕನ್ನಡ' ಅಂಕಣದಲ್ಲಿ ಓದುಗರ ಪದಸಂದೇಹಗಳಿಗೆ ಉತ್ತರಿಸುತ್ತಿದ್ದುದನ್ನು ನೀವೂ ಓದಿರಬಹುದು. 2021ರಲ್ಲಿ, ನೂರನ್ನು ದಾಟಿದ ವಯಸ್ಸಿನಲ್ಲಿ, ಅವರು ತೀರಿಕೊಂಡರು. ಅಷ್ಟು ದೊಡ್ಡ ವಿದ್ವಾಂಸರು ಸಾಮಾನ್ಯ ಓದುಗನ ಪ್ರಶ್ನೆಯನ್ನು ಸಣ್ಣದೆಂದು ಎಣಿಸಲಿಲ್ಲ.

ಮೊಮ್ಮಗಳು ಆ ಸಂಜೆ ನನಗೊಂದು ವಿಚಿತ್ರ ಸಂಗತಿ ಹೇಳಿದಳು. ನ್ಯೂಜಿಲೆಂಡಿನ ನೈಜೆಲ್ ರಿಚರ್ಡ್ಸ್ ಎಂಬ ಆಟಗಾರ, ಫ್ರೆಂಚ್ ಮಾತನಾಡಲು ಬಾರದಿದ್ದರೂ ಆ ಭಾಷೆಯ ಪದಪಟ್ಟಿಯನ್ನು ಬಾಯಿಪಾಠ ಮಾಡಿ 2015ರಲ್ಲಿ ಫ್ರೆಂಚ್ ಸ್ಕ್ರ್ಯಾಬಲ್ಲಿನ ವಿಶ್ವ ಸ್ಪರ್ಧೆಯನ್ನೇ ಗೆದ್ದನಂತೆ. 2024ರಲ್ಲಿ ಸ್ಪ್ಯಾನಿಷಿನಲ್ಲೂ ಹಾಗೆಯೇ. ಅದ್ಭುತ ನೆನಪಿನ ಶಕ್ತಿಗೆ ಕೈಮುಗಿಯಬೇಕು. ಆದರೆ ನನ್ನ ನೆನಪು ಹೋದದ್ದು, ಪಟ್ಟಿಯನ್ನೇ ನೋಡದೆ ಪದವನ್ನು ಕಾಲಿನಿಂದ ಬಲ್ಲವಳಾಗಿದ್ದ ಆ ಹುಡುಗಿಯ ಕಡೆಗೆ. ಅಮ್ಮಾ, ನೀನೀಗ ಎಲ್ಲಿದ್ದೀಯೋ, ಇದನ್ನು ಓದುತ್ತಿದ್ದರೆ ಒಂದು ಮಾತು ತಿಳಿಸು. ಆ ಪೆನ್ನು ಬಹಳ ದಿನ ಬರೆಯಿತೇ?

ಮೊಮ್ಮಗಳ ಪ್ರಶ್ನೆಗೆ ಉತ್ತರ ಹೇಳಿದೆ: ನಮ್ಮ ಹಳೆಯ ನಿಯಮದಂತೆ ಅಡ್ಡಗದ್ದೆಗೆ ನಾಲ್ಕು ಬಿಲ್ಲೆ. ಊರಿನ ಹೆಸರಾದರೂ ಒಪ್ಪಬಹುದು, ಏಕೆಂದರೆ ಅದರಲ್ಲಿ ಅಡ್ಡವೂ ಇದೆ, ಗದ್ದೆಯೂ ಇದೆ. ಎರಡೂ ನಿಘಂಟಿನ ಪದಗಳೇ. ರಜೆ ಮುಗಿಯುವುದರೊಳಗೆ ಇಬ್ಬರೂ ಕುಳಿತು ಮತ್ತೆ ರಟ್ಟು ಕತ್ತರಿಸಿದೆವು. ಪೂರ್ತಿ ಮುಗಿದಿಲ್ಲ, ದಸರಾ ರಜೆಗೆ ಉಳಿದದ್ದು.

ರೂಢಿಯಂತೆ ನಿಮಗೂ ಕೆಲವು ಪ್ರಶ್ನೆಗಳು. ಮಕ್ಕಳೊಡನೆ ಕುಳಿತು ಬಿಡಿಸಿ.

1. ಆನೆಯನ್ನು ತಿರುಗಿಸಿದರೆ ಲೋಕವೇ ಬರುತ್ತದೆ. ಎರಡಕ್ಷರ.
2. ಕಾಡನ್ನು ತಿರುಗಿಸಿದರೆ ಹೊಸದು. ಎರಡಕ್ಷರ.
3. ಮುಖದ ಮೊದಲೆರಡು ಅಕ್ಷರ ಅದಲುಬದಲಾದರೆ ಹೂಮಾಲೆಗೆ ಸೇರಿಸುವ ಪರಿಮಳದ ಎಲೆ. ಮೂರಕ್ಷರ.
4. ಮನ್ಮಥನ ಮೊದಲೆರಡು ಅಕ್ಷರ ಬದಲಿಸಿದರೆ ಹತ್ತಿಕ್ಕುವುದು. ಮೂರಕ್ಷರ.
5. ಸೂರ್ಯನ ಮೊದಲೆರಡು ಅಕ್ಷರ ಬದಲಿಸಿದರೆ ಬೀಳುವುದು. ಮೂರಕ್ಷರ.
6. 'ನರಸಿಂಹರಾಜಪುರ'ದ ಎಂಟು ಅಕ್ಷರಗಳಿಂದ ಎಷ್ಟು ಪದ ಕಟ್ಟಬಲ್ಲಿರಿ? ನಾಲ್ಕಕ್ಷರದ ಒಂದು ಪದ 'ಊರಿನ ಮಂದಿ' ಎಂಬ ಅರ್ಥ ಕೊಡುತ್ತದೆ.

ಉತ್ತರಗಳು: 1. ಗಜ, ಜಗ. 2. ವನ, ನವ. 3. ವದನ, ದವನ. 4. ಮದನ, ದಮನ. 5. ತಪನ, ಪತನ. 6. ಪುರಜನ, ಉಳಿದವನ್ನು ನೀವು ಬರೆದು ಕಳುಹಿಸಿ. ನಿಮ್ಮ ಮನೆಯಲ್ಲಿ ಮಾತ್ರ ಬಳಸುವ ಪದವೊಂದು ಅದರಲ್ಲಿ ಸಿಕ್ಕರೆ ಅಂಜದೆ ಬರೆಯಿರಿ. ಈ ಸಲ ಹೊಡೆದುಹಾಕುವ ಮುಂಚೆ ನಿಘಂಟು ನೋಡುತ್ತೇನೆ.